ಜಾಂಬೋಟಿ: ಕಡಿಮೆ ಜನ ನೋಡಿದ ತಾಣದ ಜಮಾ-ಖರ್ಚು

ಜಗತ್ತಿನಲ್ಲಿ ಹೆಚ್ಚು ಜನ ನೋಡದ, ಆದರೆ ನೋಡಲೇಬೇಕಾದ ತಾಣಗಳು ಯಾವುವು ಎಂದು ಕೇಳಿದರೆ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಯೆಮೆನ್ ದೇಶಕ್ಕೆ ಸೇರಿದ ಸೊಕೊತ್ರಾ ದ್ವೀಪ ಅವುಗಳಲ್ಲಿ ಒಂದು. ಅಲ್ಲಿ ಬೆಳೆಯುವ ಸುಮಾರು 825 ಜಾತಿಯ ಗಿಡಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವು ಭೂಮಿಯ ಬೇರೆ ಯಾವ ಭಾಗದಲ್ಲೂ ಬೆಳೆಯುವುದಿಲ್ಲ. ಕೊಡೆ ಬಿಚ್ಚಿಟ್ಟಂತೆ ಕಾಣುವ ಅಲ್ಲಿನ ಮರದಿಂದ ರಕ್ತದ ಬಣ್ಣದ ಅಂಟು ಬರುತ್ತದೆ. ಉತ್ತರ ಅಟ್ಲಾಂಟಿಕ್ ಸಮುದ್ರದ ಫೆರೋ ದ್ವೀಪಗಳದು ಇನ್ನೊಂದು ಹೆಸರು. 18 ದ್ವೀಪಗಳ ಆ ನಾಡಿನ ಒಟ್ಟು ಜನಸಂಖ್ಯೆ ಸುಮಾರು 50 ಸಾವಿರ, ಅಂದರೆ ನಮ್ಮ ಬೆಳಗಾವಿಯ ಕೆಲವೇ ವಾರ್ಡುಗಳಷ್ಟು. ವಿಯೆಟ್ನಾಮಿನ ಸನ್ ಡೂಂಗ್ ಗುಹೆ ಮತ್ತೊಂದು. ಅದರೊಳಗೆ ಒಂದು ಕಾಡು ಬೆಳೆದಿದೆ, ಒಂದು ನದಿ ಹರಿಯುತ್ತದೆ.

ಇಂಥ ಹೆಸರು ಕೇಳಿದಾಗ ನಮ್ಮಲ್ಲಿ ಬಹಳ ಜನ ಪಾಸ್‌ಪೋರ್ಟ್ ಮತ್ತು ವಿಮಾನದ ಬಗ್ಗೆ ಯೋಚಿಸುತ್ತೇವೆ. ಆದರೆ ಆ ಪಟ್ಟಿಯಲ್ಲಿ ಇರಬಹುದಾದ ಒಂದು ತಾಣ ನಮ್ಮ ಬಸ್‌ಸ್ಟ್ಯಾಂಡಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಶುರುವಾಗುತ್ತದೆ. ಅದು ಖಾನಾಪುರ ತಾಲೂಕಿನ ಜಾಂಬೋಟಿ ಮತ್ತು ಅದರ ಆಚೆಗಿನ ಕಾಡು. ಈ ಲೇಖನದಲ್ಲಿ ಅಲ್ಲಿ ಏನಿದೆ ಎಂದು ಮೊದಲು ನೋಡೋಣ. ಆಮೇಲೆ ವಾಣಿಜ್ಯ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯನ್ನು ಕೇಳೋಣ: ಕಡಿಮೆ ಜನ ನೋಡಿದ ಜಾಗಕ್ಕೆ ಹೆಚ್ಚು ಜನ ಬಂದರೆ ಲಾಭ ಯಾರ ಖಾತೆಗೆ, ನಷ್ಟ ಯಾರ ಖಾತೆಗೆ?

ಜಾಂಬೋಟಿ ಎಲ್ಲಿದೆ, ಅಲ್ಲೇನಿದೆ

ಬೆಳಗಾವಿಯಿಂದ ಚೋರ್ಲಾ ಘಾಟ್ ಮೂಲಕ ಗೋವಾಕ್ಕೆ ಹೋಗುವ ರಸ್ತೆಯಲ್ಲಿ ಜಾಂಬೋಟಿ ಸಿಗುತ್ತದೆ. ಖಾನಾಪುರ ಪಟ್ಟಣದಿಂದಲೂ ಒಂದು ರಸ್ತೆ ಬಂದು ಇಲ್ಲಿ ಸೇರುತ್ತದೆ. ಶನಿವಾರ, ಭಾನುವಾರ ಗೋವಾಕ್ಕೆ ಹೋಗುವ ಎಷ್ಟೋ ಕಾರುಗಳು ಇಲ್ಲಿ ಚಹಾಕ್ಕೆ ನಿಲ್ಲುತ್ತವೆ, ಮತ್ತೆ ಹೊರಡುತ್ತವೆ. ಅಂದರೆ ಈ ಊರನ್ನು ಹಾದು ಹೋದವರು ಬಹಳ, ನೋಡಿದವರು ಕಡಿಮೆ.

ಜಾಂಬೋಟಿಯಿಂದ ಪಶ್ಚಿಮಕ್ಕೆ 16 ಕಿಲೋಮೀಟರ್ ಹೋದರೆ ಕಣಕುಂಬಿ. ಸಮುದ್ರ ಮಟ್ಟದಿಂದ ಸುಮಾರು 792 ಮೀಟರ್ ಎತ್ತರದ ಈ ಊರಿನಲ್ಲಿ ಮಲಪ್ರಭಾ ನದಿ ಹುಟ್ಟುತ್ತದೆ. ಇಲ್ಲಿ ಮಾವುಲಿ ದೇವಿಯ ಗುಡಿ ಇದೆ. ಇಲ್ಲಿಂದ ಹೊರಟ ನದಿ ಖಾನಾಪುರವನ್ನು ದಾಟಿ, ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಮುಂದೆ ಪಟ್ಟದಕಲ್ಲು ಮತ್ತು ಐಹೊಳೆಯ ಪಕ್ಕದಲ್ಲಿ ಹರಿದು, 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ ಬರುವ ನೀರಿನ ದೊಡ್ಡ ಪಾಲು ಈ ನದಿಯದು.

ಅದೇ ತಾಲೂಕಿನ ಅದೇ ಕಾಡಿನಲ್ಲಿ ಇನ್ನೊಂದು ನದಿ ಹುಟ್ಟುತ್ತದೆ. ಅದು ಮಹದಾಯಿ. ಅದು ಪಶ್ಚಿಮಕ್ಕೆ ಇಳಿದು ಗೋವಾಕ್ಕೆ ಹೋಗಿ ಮಾಂಡೋವಿ ಎಂಬ ಹೆಸರು ಪಡೆದು ಪಣಜಿ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಹೀಗೆ ಇಲ್ಲಿನ ಒಂದೇ ಗುಡ್ಡದ ಎರಡು ಬದಿಯಲ್ಲಿ ಬಿದ್ದ ಮಳೆ, ಒಂದು ಬದಿಯದು ಬಂಗಾಳ ಕೊಲ್ಲಿಗೆ, ಇನ್ನೊಂದು ಬದಿಯದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮಹದಾಯಿಯ ನೀರಿನ ಪಾಲಿಗಾಗಿ ಕರ್ನಾಟಕ, ಗೋವಾ ಮತ್ತು ಮಹಾರಾಷ್ಟ್ರ ವಾದ ಮಾಡಿದವು. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿಕೆ ಮಾಡಿತು. ಅದರಲ್ಲಿ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಕೊಟ್ಟದ್ದು 3.9 ಟಿಎಂಸಿ ಅಡಿ. ಟಿವಿಯಲ್ಲಿ ನಾವು ಕೇಳುವ 'ಕಳಸಾ-ಬಂಡೂರಿ' ಎಂಬ ಹೆಸರು ಈ ಕಾಡಿನ ಎರಡು ಹಳ್ಳಗಳದು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ.

ಗವಾಳಿ ಊರಿನ ಕಡೆ ಮಹದಾಯಿ ಧುಮುಕುವ ಜಾಗಕ್ಕೆ ವಜ್ರಪೋಹಾ ಎಂದು ಹೆಸರು. ಚೋರ್ಲಾದ ಬಳಿ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ರಾಜ್ಯಗಳ ಗಡಿ ಕೂಡುತ್ತದೆ. ಅದೇ ಚೋರ್ಲಾದ ಮಣ್ಣಿನಲ್ಲಿ ಎರೆಹುಳುವಿನಂತೆ ಕಾಣುವ, ಕಾಲಿಲ್ಲದ, ಮೈಮೇಲೆ ಹಳದಿ ಪಟ್ಟೆ ಇರುವ ಒಂದು ಉಭಯಚರ ಪ್ರಾಣಿ ಸಿಕ್ಕಿತು. ಅದು ಹೊಸ ಜಾತಿ ಎಂದು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಇಲ್ಲಿನ ಸುಮಾರು 190 ಚದರ ಕಿಲೋಮೀಟರ್ ಕಾಡನ್ನು ಭೀಮಗಡ ವನ್ಯಜೀವಿಧಾಮ ಎಂದು ಸರ್ಕಾರ ಘೋಷಿಸಿತು. ಕಾಡಿನ ಒಳಗಿರುವ ಹಳೆಯ ಭೀಮಗಡ ಕೋಟೆಯಿಂದ ಆ ಹೆಸರು ಬಂದಿದೆ. ಕೋಟೆ ಶಿವಾಜಿ ಮಹಾರಾಜರ ಕಾಲದ್ದೆಂದು ಹೇಳುತ್ತಾರೆ.

ಇನ್ನು ಮಳೆ. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆಯಾಗುತ್ತದೆ. ಇದೇ ಕಾಡಿನ ಅಮಗಾಂವ ಎಂಬ ಹಳ್ಳಿಯಲ್ಲಿ 2010ರಲ್ಲಿ 10,000 ಮಿಲಿಮೀಟರ್‌ಗೂ ಹೆಚ್ಚು ಮಳೆ ದಾಖಲಾಯಿತು. ಮಳೆ ಎಂದರೆ ಆಗುಂಬೆ, ಇಲ್ಲವೇ ಮೇಘಾಲಯದ ಮೌಸಿನ್‌ರಾಮ್ ಎಂದು ನಾವು ಓದಿದ್ದೇವೆ. ನಮ್ಮ ಜಿಲ್ಲೆಯ ಒಂದು ಹಳ್ಳಿ ಅವುಗಳ ಸಾಲಿನಲ್ಲಿ ನಿಲ್ಲುತ್ತದೆ ಎಂಬುದು ಹೆಮ್ಮೆಯ ಮಾತು. ಆ ಹೆಮ್ಮೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಂದೆ ನೋಡೋಣ.

ಬಾರಾಪೇಡೆ ಗುಹೆಯ ಬಾವಲಿ

ಈ ಕಾಡಿನಲ್ಲಿ ಕೃಷ್ಣಾಪುರ ಮತ್ತು ತಳೇವಾಡಿ ಹಳ್ಳಿಗಳ ನಡುವೆ ಬಾರಾಪೇಡೆ ಎಂಬ ಗುಹೆಗಳಿವೆ. 1912ರ ಸುಮಾರಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದೇಶದ ಸಸ್ತನಿಗಳ ಸಮೀಕ್ಷೆ ನಡೆಸುತ್ತಿದ್ದರು. ಆಗ ಇಲ್ಲಿ ಒಂದು ಬಾವಲಿ ಸಿಕ್ಕಿತು. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಅವರು 1913ರಲ್ಲಿ ಅದನ್ನು ಹೊಸ ಜಾತಿ ಎಂದು ವಿವರಿಸಿದರು. ಸಮೀಕ್ಷೆಗೆ ದುಡಿದ ಅರಣ್ಯ ಅಧಿಕಾರಿ ರಾಬರ್ಟ್ ಚಾರ್ಲ್ಸ್ ರಾಟನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಇಂದು ಅದನ್ನು ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಎನ್ನುತ್ತಾರೆ. ಅದರ ಕಿವಿ ಮೂತಿಗಿಂತ ಮುಂದೆ ಚಾಚಿಕೊಂಡಿರುತ್ತದೆ, ಮೈ ಚಾಕಲೇಟ್ ಬಣ್ಣ, ಬಾಲ ತೊಡೆಯ ಪೊರೆಯಿಂದ ಹೊರಗೆ ಬಂದಿರುತ್ತದೆ.

ಸುಮಾರು ತೊಂಬತ್ತು ವರ್ಷ ಕಾಲ ಇಡೀ ಜಗತ್ತಿನಲ್ಲಿ ಈ ಬಾವಲಿಯ ನೆಲೆ ಎಂದು ಗೊತ್ತಿದ್ದುದು ಇದೊಂದೇ ಜಾಗ. 2000ದ ನಂತರ ಕಾಂಬೋಡಿಯಾದಲ್ಲಿ ಮತ್ತು ನಮ್ಮ ದೇಶದ ಮೇಘಾಲಯದಲ್ಲಿಯೂ ಅದು ಸಿಕ್ಕಿದೆ. ಆದರೂ ನೆಲೆಗಳ ಸಂಖ್ಯೆ ಬೆರಳೆಣಿಕೆಯಷ್ಟೇ. ಒಂದು ಮದ್ದು ಒಂದೇ ಅಂಗಡಿಯಲ್ಲಿ ಸಿಗುವಂತಿದ್ದರೆ ಆ ಅಂಗಡಿಗೆ ಬೆಂಕಿ ಬಿದ್ದರೆ ಏನಾಗುತ್ತದೋ, ಈ ಗುಹೆಗೆ ತೊಂದರೆಯಾದರೂ ಅದೇ ಆಗುತ್ತದೆ.

ತೊಂದರೆ ಕೊಡಲು ದೊಡ್ಡ ಯಂತ್ರ ಬೇಕಾಗಿಲ್ಲ. ಟಾರ್ಚು, ಕೂಗಾಟ, ಹೊಗೆ ಸಾಕು. ಗುಹೆಯಲ್ಲಿ ಮಲಗಿದ ಬಾವಲಿಗಳು ಬೆದರಿ ಹಾರಿದರೆ ಅವುಗಳ ಶಕ್ತಿ ಖರ್ಚಾಗುತ್ತದೆ, ತಾಯಿಯ ಹಿಡಿತ ತಪ್ಪಿ ಮರಿ ಕೆಳಗೆ ಬೀಳುತ್ತದೆ. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿ. ಆದ್ದರಿಂದ ಕಳೆದುಹೋದದ್ದು ಬೇಗ ತುಂಬುವುದಿಲ್ಲ. ಈ ಜಾತಿಯ ಬಾವಲಿ ತಿನ್ನುವುದು ಹುಳುಹುಪ್ಪಟೆಗಳನ್ನು. ಹೀಗೆ ಸುತ್ತಲಿನ ಹೊಲದ ರೈತರಿಗೆ ಸಂಬಳವಿಲ್ಲದೆ ಕೆಲಸ ಮಾಡುವ ಪ್ರಾಣಿ ಅದು.

ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ಜಾತಿ ಅಮೆರಿಕದ ಟೆಕ್ಸಾಸ್‌ನಲ್ಲಿದೆ. ಅಲ್ಲಿನ ಬ್ರಾಕನ್ ಗುಹೆಯಲ್ಲಿ ಬೇಸಿಗೆಯಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಬಾವಲಿಗಳು ಸೇರುತ್ತವೆ. ಸಂಜೆ ಅವು ಹೊರಡುವುದನ್ನು ನೋಡಲು ಜನ ಬರುತ್ತಾರೆ. ಆದರೆ ಗುಹೆಯ ಒಳಗೆ ಯಾರನ್ನೂ ಬಿಡುವುದಿಲ್ಲ, ಹೊರಗೆ ದೂರದಲ್ಲಿ ಕೂತು ನೋಡಬೇಕು. ಆಸ್ಟಿನ್ ನಗರದಲ್ಲಂತೂ ಒಂದು ಸೇತುವೆಯ ಕೆಳಗೇ ಲಕ್ಷಾಂತರ ಬಾವಲಿಗಳು ವಾಸ ಮಾಡುತ್ತವೆ, ಸೇತುವೆಯ ಮೇಲೆ ನಿಂತು ಜನ ನೋಡುತ್ತಾರೆ. ಪ್ರಾಣಿಯ ಮನೆಗೆ ನುಗ್ಗದೆಯೂ ಪ್ರವಾಸೋದ್ಯಮ ನಡೆಯಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿ ಸಂಖ್ಯೆ ಕೋಟಿಯಲ್ಲಿದೆ. ಬಾರಾಪೇಡೆಯಂಥ ಜಾಗದಲ್ಲಿ ಅಷ್ಟೂ ಧೈರ್ಯ ಮಾಡುವಂತಿಲ್ಲ. ಆ ಗುಹೆಯ ಬಗ್ಗೆ ತಿಳಿದುಕೊಳ್ಳುವುದು ನಮ್ಮ ಹಕ್ಕು, ಅಲ್ಲಿಗೆ ಹೋಗುವುದು ಹಕ್ಕಲ್ಲ.

'ಅಜ್ಞಾತ' ಎಂದರೆ ಯಾರಿಗೆ?

ಪ್ರವಾಸದ ಜಾಹೀರಾತುಗಳಲ್ಲಿ 'ಯಾರೂ ಕಾಣದ ಊರು', 'ಮನುಷ್ಯ ಮುಟ್ಟದ ಸ್ವರ್ಗ' ಎಂದು ಬರೆಯುತ್ತಾರೆ. ಈ ಮಾತನ್ನು ಸ್ವಲ್ಪ ನಿಧಾನಿಸಿ ಓದಬೇಕು. ಭೀಮಗಡದ ಕಾಡಿನೊಳಗೆ ಅಮಗಾಂವ, ಗವಾಳಿ, ಕೊಂಗಳಾ, ಪಾಸ್ತೋಳಿ, ಕೃಷ್ಣಾಪುರ, ತಳೇವಾಡಿ, ಮೆಂಡಿಲ್ ಮುಂತಾದ ಹಳ್ಳಿಗಳಿವೆ. ಅಲ್ಲಿ ತಲೆಮಾರುಗಳಿಂದ ಜನ ಇದ್ದಾರೆ, ಗದ್ದೆ ಮಾಡುತ್ತಾರೆ, ದನ ಸಾಕುತ್ತಾರೆ. ಅವರಿಗೆ ಅದು ಅಜ್ಞಾತ ಜಾಗವಲ್ಲ, ಮನೆ. ನಮಗೆ ಗೊತ್ತಿಲ್ಲದ್ದನ್ನು 'ಯಾರಿಗೂ ಗೊತ್ತಿಲ್ಲದ್ದು' ಎಂದು ಕರೆಯುವುದು ಸರಿಯಲ್ಲ.

10,000 ಮಿಲಿಮೀಟರ್ ಮಳೆಯ ಇನ್ನೊಂದು ಮುಖವೂ ಇಲ್ಲೇ ಇದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಈ ಊರುಗಳಿಗೆ ಗಾಡಿ ಹೋಗುವುದಿಲ್ಲ. 2024ರ ಜುಲೈನಲ್ಲಿ ಅಮಗಾಂವದ ಕಾಯಿಲೆಯ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆ ಕಟ್ಟಿ ಮಾಡಿದ ಡೋಲಿಯಲ್ಲಿ ಹೊತ್ತು, ಮಳೆಯಲ್ಲಿ ಕಾಡಿನ ದಾರಿ ನಡೆದು ಆಂಬುಲೆನ್ಸ್‌ವರೆಗೆ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಪ್ರವಾಸಿ 'ರಸ್ತೆಯೇ ಇಲ್ಲದ ಸುಂದರ ಊರು' ಎಂದು ಫೋಟೋ ಹಾಕುವ ಜಾಗ, ಅಲ್ಲಿರುವ ಗರ್ಭಿಣಿಗೆ ಆಸ್ಪತ್ರೆ ಸಿಗದ ಜಾಗವೂ ಹೌದು.

ಪರಿಹಾರ ಸುಲಭವಲ್ಲ. ವನ್ಯಜೀವಿಧಾಮದೊಳಗೆ ಡಾಂಬರು ರಸ್ತೆ, ವಿದ್ಯುತ್ ಕಂಬಕ್ಕೆ ಕಾನೂನಿನ ಅಡ್ಡಿ ಇದೆ, ಆ ಅಡ್ಡಿಗೆ ಕಾರಣವೂ ಇದೆ. ಪರಿಹಾರದ ಹಣ ಪಡೆದು ಕಾಡಿನಿಂದ ಹೊರಗೆ ಬನ್ನಿ ಎಂದು ಸರ್ಕಾರ ಹೇಳುತ್ತಿದೆ. ತಳೇವಾಡಿಯ ಕೆಲವು ಕುಟುಂಬಗಳು 2025ರಲ್ಲಿ ಅದಕ್ಕೆ ಒಪ್ಪಿವೆ. ಕೆಲವು ಊರುಗಳ ಜನ ರಸ್ತೆ ಕೊಡಿ, ನಾವು ಇಲ್ಲೇ ಇರುತ್ತೇವೆ ಎನ್ನುತ್ತಾರೆ. ಇದರಲ್ಲಿ ತೀರ್ಪು ಕೊಡಬೇಕಾದವರು ನಾವಲ್ಲ. ಆದರೆ ಆ ಊರಿನ ಹೆಸರು ಹೇಳಿ ಪ್ರವಾಸ ಮಾಡುವವರಿಗೆ ಅಲ್ಲಿನ ಜನರ ಈ ಪ್ರಶ್ನೆ ತಿಳಿದಿರಬೇಕು.

ಇಲ್ಲಿ ನಮ್ಮ ಇತಿಹಾಸದ ಒಬ್ಬ ಮುಸಾಫಿರ್ ನೆನಪಾಗುತ್ತಾರೆ. ಮೊರಾಕ್ಕೋದ ತಾಂಜೀರ್ ಊರಿನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತಾ ಹಜ್‌ಗೆ ಎಂದು 1325ರಲ್ಲಿ ಮನೆ ಬಿಟ್ಟು ಸುಮಾರು ಮೂವತ್ತು ವರ್ಷ ದೇಶ ಸುತ್ತಿದರು. 1342ರ ನಂತರ ಅವರು ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೂ ಬಂದಿದ್ದರು. ಆ ಊರಿನ ಬಗ್ಗೆ ಅವರು ಬರೆದಿಟ್ಟದ್ದು ಏನು ಗೊತ್ತೇ? ಆ ಊರಿನಲ್ಲಿ ಗಂಡುಮಕ್ಕಳ ಶಾಲೆ 23, ಹೆಣ್ಣುಮಕ್ಕಳ ಶಾಲೆ 13, ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರು ಎಂದು. ಸುಮಾರು 700 ವರ್ಷದ ಹಿಂದೆ ಒಬ್ಬ ಪ್ರವಾಸಿ ಒಂದು ಊರಿಗೆ ಬಂದು ಶಾಲೆಗಳನ್ನು ಲೆಕ್ಕ ಹಾಕಿದ್ದಾರೆ. ನಾವು ಒಂದು ಊರಿಗೆ ಹೋದಾಗ ಜಲಪಾತ ಎಲ್ಲಿದೆ ಎಂದು ಕೇಳುತ್ತೇವೆ, ಶಾಲೆ ಎಲ್ಲಿದೆ ಎಂದು ಕೇಳುವುದು ಕಡಿಮೆ.

ಬೇರೆ ಕಡೆ ಏನು ಮಾಡಿದ್ದಾರೆ

ಜನ ಹೆಚ್ಚಾದಾಗ ಜಾಗವನ್ನು ಉಳಿಸಿಕೊಳ್ಳಲು ಜಗತ್ತಿನಲ್ಲಿ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಅವನ್ನು ನಾಲ್ಕಾಗಿ ವಿಂಗಡಿಸಬಹುದು.

1. ಬೆಲೆಯ ದಾರಿ. ಭೂತಾನ್ ದೇಶ ಪ್ರವಾಸಿಗಳಿಂದ ದಿನಕ್ಕಿಷ್ಟು ಎಂದು ಸುಸ್ಥಿರ ಅಭಿವೃದ್ಧಿ ಶುಲ್ಕ ಪಡೆಯುತ್ತದೆ. 2022ರಲ್ಲಿ ಅದನ್ನು ಒಂದು ರಾತ್ರಿಗೆ 200 ಡಾಲರ್ ಮಾಡಿದರು. ಜನ ಬರುವುದು ಕಡಿಮೆಯಾದಾಗ 2023ರಲ್ಲಿ 100 ಡಾಲರ್‌ಗೆ ಇಳಿಸಿದರು. ಭಾರತೀಯರಿಗೆ ಅದು 1,200 ರೂಪಾಯಿ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುವ ನಿಯಮವನ್ನು ಒಂದು ದೇಶವೇ ಪ್ರಯೋಗ ಮಾಡಿ ನೋಡಿದೆ.

2. ಸಂಖ್ಯೆಯ ದಾರಿ. ಸನ್ ಡೂಂಗ್ ಗುಹೆಯ ಬಾಯಿಯನ್ನು ಹೊ ಖಾನ್ ಎಂಬ ಸ್ಥಳೀಯರು 1990ರ ಸುಮಾರಿಗೆ ಕಾಡಿನಲ್ಲಿ ಮಳೆಗಾಳಿಯಿಂದ ತಪ್ಪಿಸಿಕೊಳ್ಳುವಾಗ ಕಂಡರು, ಆಮೇಲೆ ದಾರಿ ಮರೆತರು. ಮತ್ತೆ ಹುಡುಕಿ 2009ರಲ್ಲಿ ಬ್ರಿಟಿಷ್ ಗುಹಾಶೋಧಕರಿಗೆ ತೋರಿಸಿದರು. 2013ರಿಂದ ಪ್ರವಾಸ ಶುರುವಾಯಿತು. ಒಂದು ತಂಡದಲ್ಲಿ 10 ಜನ, ವರ್ಷಕ್ಕೆ ಸುಮಾರು 1,000 ಜನ, ಅಷ್ಟೇ. ಒಬ್ಬರಿಗೆ ಸುಮಾರು 3,000 ಡಾಲರ್. ಹಿಂದೆ ಕಾಡಿನಲ್ಲಿ ಮರ ಕಡಿಯಲು ಹೋಗುತ್ತಿದ್ದ ಊರವರಿಗೆ ಸಾಮಾನು ಹೊರುವ, ದಾರಿ ತೋರಿಸುವ ಕೆಲಸ ಸಿಕ್ಕಿತು.

3. ಬೀಗದ ದಾರಿ. ಥಾಯ್ಲೆಂಡಿನ ಮಾಯಾ ಬೇ ಎಂಬ ಚಿಕ್ಕ ಕಡಲತೀರ 2000ರಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾದಿಂದ ಪ್ರಸಿದ್ಧವಾಯಿತು. ದಿನಕ್ಕೆ ಸಾವಿರಾರು ಜನ ದೋಣಿಯಲ್ಲಿ ಬಂದರು, ಲಂಗರು ಬಿದ್ದು ಹವಳ ಸತ್ತಿತು. 2018ರ ಜೂನ್‌ನಲ್ಲಿ ಸರ್ಕಾರ ಅದನ್ನು ಮುಚ್ಚಿತು, 2022ರ ಜನವರಿಯಲ್ಲಿ ನಿಯಮ ಹಾಕಿ ಮತ್ತೆ ತೆರೆಯಿತು. ಅಷ್ಟರಲ್ಲಿ ಶಾರ್ಕ್ ಮೀನುಗಳು ಮರಳಿ ಬಂದಿದ್ದವು. ಒಂದು ಸಿನಿಮಾ ಮಾಡಿದ ಗಾಯ ಮಾಯಲು ಮೂರೂವರೆ ವರ್ಷ ಬೀಗ ಹಾಕಬೇಕಾಯಿತು.

4. ಶ್ರಮದ ದಾರಿ. ಫೆರೋ ದ್ವೀಪಗಳು 2019ರ ಏಪ್ರಿಲ್‌ನ ಒಂದು ವಾರಾಂತ್ಯ 'ದುರಸ್ತಿಗಾಗಿ ಮುಚ್ಚಿದೆ' ಎಂದು ಪ್ರಮುಖ ತಾಣಗಳನ್ನು ಪ್ರವಾಸಿಗಳಿಗೆ ಮುಚ್ಚಿದವು. ಆದರೆ ಬೇರೆ ದೇಶಗಳಿಂದ 100 ಸ್ವಯಂಸೇವಕರನ್ನು ಕರೆದವು. ಅವರು ಕಾಲುದಾರಿ ಸರಿ ಮಾಡಿದರು, ಫಲಕ ನೆಟ್ಟರು. ಅವರಿಗೆ ಊಟ-ವಸತಿ ದ್ವೀಪದವರದು.

ಜಾಂಬೋಟಿಯ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. 'ಪ್ರವಾಸಿಗಳು ಬಂದರೆ ಊರಿಗೆ ದುಡ್ಡು ಬರುತ್ತದೆ' ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಬರುತ್ತದೆ ಎಂದು ಕೇಳುವುದು ನಮ್ಮ ವಿಭಾಗದ ಕೆಲಸ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಹಾಕಿಕೊಂಡವು, ಆದರೆ ಯಾರು ಬೇಕಾದರೂ ತಮ್ಮ ಖರ್ಚಿನ ಜೊತೆ ಹೋಲಿಸಿ ನೋಡಬಹುದು.

ಐದು ಜನ ಸ್ನೇಹಿತರು ಒಂದು ಕಾರಿನಲ್ಲಿ ಬೆಳಗಾವಿಯಿಂದ ಕಣಕುಂಬಿಗೆ ಹೋಗಿ ಬರುತ್ತಾರೆ ಎಂದುಕೊಳ್ಳಿ. ಪೆಟ್ರೋಲ್ 700 ರೂಪಾಯಿ, ಬೆಳಗಾವಿಯಲ್ಲೇ ಕಟ್ಟಿಸಿಕೊಂಡ ಬಿರಿಯಾನಿ, ಚಿಪ್ಸ್, ನೀರಿನ ಬಾಟಲಿ 1,200 ರೂಪಾಯಿ, ಜಾಂಬೋಟಿಯಲ್ಲಿ ಚಹಾ 100 ರೂಪಾಯಿ. ಒಟ್ಟು 2,000. ಅದರಲ್ಲಿ ಜಾಂಬೋಟಿಯಲ್ಲಿ ಉಳಿದದ್ದು 100, ಅಂದರೆ ಶೇಕಡಾ 5. ಜೊತೆಗೆ ಅಲ್ಲಿ ಉಳಿದದ್ದು ಐದು ಖಾಲಿ ಬಾಟಲಿ ಮತ್ತು ಪ್ಲಾಸ್ಟಿಕ್ ಚೀಲ.

ಅದೇ ಐದು ಜನ ಇನ್ನೊಂದು ರೀತಿಯಲ್ಲಿ ಹೋದರೆ? ಪೆಟ್ರೋಲ್ 700, ಜಾಂಬೋಟಿಯ ಖಾನಾವಳಿಯಲ್ಲಿ ಸಸ್ಯಾಹಾರಿ ಊಟ 600, ದಾರಿ ತೋರಿಸುವ ಊರಿನ ಹುಡುಗನಿಗೆ 500, ದಾರಿಯಲ್ಲಿ ಮಾರುವ ಹಣ್ಣು, ಜೇನುತುಪ್ಪಕ್ಕೆ 300, ಚಹಾ 100. ಒಟ್ಟು 2,200. ಊರಿನಲ್ಲಿ ಉಳಿದದ್ದು 1,500, ಅಂದರೆ ಶೇಕಡಾ 68. ನಮ್ಮ ಜೇಬಿನಿಂದ ಹೆಚ್ಚಿಗೆ ಹೋದದ್ದು 200 ರೂಪಾಯಿ, ಒಬ್ಬರಿಗೆ 40. ಊರಿಗೆ ಹೆಚ್ಚಿಗೆ ಸಿಕ್ಕಿದ್ದು 1,400. ಒಂದು ಜಾಗದಲ್ಲಿ ಖರ್ಚಾದಂತೆ ಕಂಡ ಹಣ ಬೇರೆ ಕಡೆ ಹೋಗುವುದನ್ನು ಅರ್ಥಶಾಸ್ತ್ರದಲ್ಲಿ ಸೋರಿಕೆ ಎನ್ನುತ್ತಾರೆ. ಮೊದಲನೆಯ ಪ್ರವಾಸದಲ್ಲಿ ಬಹುಪಾಲು ಹಣ ಸೋರಿತು.

ಇನ್ನೊಂದು ಲೆಕ್ಕ ಸವಕಳಿಯದು. ಲೆಕ್ಕಶಾಸ್ತ್ರದಲ್ಲಿ ಯಂತ್ರ ಕೊಂಡರೆ ಪ್ರತಿ ವರ್ಷ ಅದರ ಸವಕಳಿ ಬರೆಯಲೇಬೇಕು. ಬರೆಯದಿದ್ದರೆ ಲಾಭ ಹೆಚ್ಚು ಕಾಣುತ್ತದೆ, ಆದರೆ ಅದು ಸುಳ್ಳು ಲಾಭ. ಪ್ರವಾಸಿ ತಾಣದ ಲೆಕ್ಕದಲ್ಲಿ ಯಾರೂ ಸವಕಳಿ ಬರೆಯುವುದಿಲ್ಲ. ತುಳಿದು ಸವೆದ ಕಾಲುದಾರಿ, ಹಳ್ಳಕ್ಕೆ ಸೇರಿದ ಕಸ, ಬೆದರಿದ ಪ್ರಾಣಿ, ಇವು ಯಾವ ಪುಸ್ತಕದಲ್ಲೂ ಖರ್ಚಿನ ಬದಿಗೆ ಬರುವುದಿಲ್ಲ. ಹೋಟೆಲಿನವರಿಗೆ ಲಾಭ, ಪ್ರವಾಸಿಗೆ ಸಂತೋಷ, ನಷ್ಟ ಮಾತ್ರ ವ್ಯವಹಾರದಲ್ಲಿ ಇಲ್ಲದ ಮೂರನೆಯವರಿಗೆ. ಆ ಮೂರನೆಯವರು ಕಣಕುಂಬಿಯ ಕೆಳಗೆ ಅದೇ ನೀರು ಬಳಸುವ ಎಲ್ಲರೂ ಹೌದು. ಕಣಕುಂಬಿಯ ಹಳ್ಳದಲ್ಲಿ ಬಿಸಾಡಿದ ಬಾಟಲಿ ಖಾನಾಪುರ ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಮಲಪ್ರಭೆಯ ದಾರಿಯನ್ನು ಮೇಲೆ ಬರೆದಿದ್ದೇನೆ.

ಕಾಡು ಅಂಗಡಿಯ ಸರಕಲ್ಲ, ಬಂಡವಾಳ. ಸರಕು ಮಾರಿದರೆ ಆದಾಯ, ಬಂಡವಾಳವನ್ನೇ ಮಾರಿ ತಿಂದರೆ ಅದು ಆದಾಯವಲ್ಲ.

ನಮಗೆ ಯಾವ ದಾರಿ ಹೊಂದುತ್ತದೆ?

ನಾಲ್ಕು ದಾರಿಗಳಲ್ಲಿ ಬೆಲೆಯ ದಾರಿ ಜಾಂಬೋಟಿಗೆ ಒಪ್ಪುವುದಿಲ್ಲ ಎಂದು ನನ್ನ ಅಭಿಪ್ರಾಯ. ಶುಲ್ಕ ಏರಿಸಿದರೆ ಖಾನಾಪುರದ ಸಾಮಾನ್ಯ ಮನೆಯ ಮಕ್ಕಳು ತಮ್ಮ ತಾಲೂಕಿನ ನದಿಯ ಹುಟ್ಟನ್ನು ನೋಡುವುದಕ್ಕೂ ಯೋಚಿಸಬೇಕಾಗುತ್ತದೆ, ದೊಡ್ಡ ಗಾಡಿಯವರು ಯೋಚಿಸುವುದಿಲ್ಲ. ಬಾರಾಪೇಡೆಯಂಥ ಜಾಗಕ್ಕೆ ಬೀಗದ ದಾರಿಯೇ ಸರಿ. ವನ್ಯಜೀವಿಧಾಮದ ಒಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ ಎಂಬ ನಿಯಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಮಳೆಗಾಲದ ಜಲಪಾತಗಳಿಗೂ ಅರಣ್ಯ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ನಿರ್ಬಂಧ ಹಾಕಿದೆ. ನೀರು ಒಮ್ಮೆಲೇ ಏರುವ ಜಾಗದಲ್ಲಿ ಸೆಲ್ಫಿಗೆ ಇಳಿಯುವವರ ಜೀವ ಉಳಿಸುವುದಕ್ಕೂ ಅದು ಬೇಕು.

ಸಂಖ್ಯೆ ಮತ್ತು ಶ್ರಮ, ಈ ಎರಡನ್ನು ನಾವು ಯೋಚಿಸಬಹುದು. ಸನ್ ಡೂಂಗ್‌ನಲ್ಲಿ ಆದಂತೆ ಊರಿನ ಯುವಕ-ಯುವತಿಯರು ತರಬೇತಿ ಪಡೆದು ದಾರಿ ತೋರಿಸುವವರಾದರೆ ಕಾಡನ್ನು ಉಳಿಸುವುದೇ ಅವರ ದುಡಿಮೆಯಾಗುತ್ತದೆ. ಹೆಮ್ಮಡಗಾ ಕಡೆ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇದೆ. ಅಲ್ಲಿಗೆ ಬರುವವರಿಗೆ ಕಾಡು ಗೊತ್ತಿರುವ ಊರವರಿಗಿಂತ ಒಳ್ಳೆಯ ಗುರು ಬೇಕೇ? ಈ ಭಾಗದಲ್ಲಿ ಮರಾಠಿ, ಕೊಂಕಣಿ, ಕನ್ನಡ ಮೂರೂ ನಡೆಯುತ್ತವೆ. ಬೆಳಗಾವಿ, ಖಾನಾಪುರದಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ಇವುಗಳ ಜೊತೆ ಉರ್ದು, ಹಿಂದಿಯೂ ಬರುತ್ತದೆ. ಪ್ರವಾಸದ ಕೆಲಸದಲ್ಲಿ ಇದು ದೊಡ್ಡ ಬಂಡವಾಳ, ನಾವು ಅದನ್ನು ಬಂಡವಾಳ ಎಂದು ಎಣಿಸುವುದಿಲ್ಲ ಅಷ್ಟೇ.

'ರೀಲ್ಸ್ ಮಾಡಿ ಹಾಕಿದರೆ ಊರಿಗೆ ಹೆಸರು ಬರುತ್ತದೆ, ಹೆಸರು ಬಂದರೆ ಕೆಲಸ ಬರುತ್ತದೆ' ಎಂದು ತರಗತಿಯಲ್ಲಿ ಕೆಲವು ಗೆಳೆಯರು ವಾದಿಸುತ್ತಾರೆ. ಮಾತಿನಲ್ಲಿ ಸತ್ಯವಿದೆ, ಯಾರಿಗೂ ಗೊತ್ತಿಲ್ಲದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಆದರೆ ಯಾವುದಕ್ಕೆ ಹೆಸರು ತರುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಜಾಂಬೋಟಿಯ ಖಾನಾವಳಿ, ಖಾನಾಪುರದ ಕುಂಬಾರರ ಮಡಕೆ, ಕಣಕುಂಬಿಯ ನದಿಮೂಲ, ಇವುಗಳಿಗೆ ಎಷ್ಟು ಜನ ಬಂದರೂ ತಡೆದುಕೊಳ್ಳುವ ಶಕ್ತಿ ಸ್ವಲ್ಪ ಇದೆ. ಬಾವಲಿಯ ಗುಹೆಗೆ, ಹೆಸರಿಲ್ಲದ ಹಳ್ಳದ ಮಡುವಿಗೆ ಆ ಶಕ್ತಿ ಇಲ್ಲ. ಮೊದಲನೆಯದರ ವಿಡಿಯೋ ಹಾಕೋಣ, ಎರಡನೆಯದರ ಲೊಕೇಶನ್ ಹಾಕದಿರೋಣ.

ಒಂದು ಅಧ್ಯಯನ ಪ್ರವಾಸದ ಯೋಜನೆ

ನಮ್ಮ ವಾಣಿಜ್ಯ ವಿಭಾಗದಿಂದ ಒಂದು ದಿನದ ಅಧ್ಯಯನ ಪ್ರವಾಸ ಮಾಡಬಹುದು ಎಂದು ಅಧ್ಯಾಪಕರ ಮುಂದೆ ಈ ಲೇಖನದ ಮೂಲಕ ಇಡುತ್ತಿದ್ದೇನೆ. ಮಳೆ ನಿಂತ ಮೇಲೆ, ನವೆಂಬರ್-ಡಿಸೆಂಬರ್ ತಿಂಗಳಾದರೆ ರಸ್ತೆ ಚೆನ್ನಾಗಿರುತ್ತದೆ.

ಬೆಳಿಗ್ಗೆ ಖಾನಾಪುರ: ಇಲ್ಲಿನ ಜೇಡಿಮಣ್ಣು ಮಡಕೆ, ಹಂಚಿಗೆ ಹೆಸರುವಾಸಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲೇ ಇದೆ. ಉತ್ಪಾದನಾ ವೆಚ್ಚ, ಕಚ್ಚಾವಸ್ತು, ಮಾರುಕಟ್ಟೆ, ಪುಸ್ತಕದಲ್ಲಿ ಓದಿದ ಎಲ್ಲವನ್ನೂ ಒಂದು ಮಡಕೆಯಲ್ಲಿ ನೋಡಬಹುದು.

ಮಧ್ಯಾಹ್ನ ಜಾಂಬೋಟಿ: ಊಟ ಇಲ್ಲಿಯೇ, ಮೊದಲೇ ಹೇಳಿ ಮಾಡಿಸಬೇಕು. ಅಂಗಡಿಯವರ ಜೊತೆ ಮಾತು: ವರ್ಷದ ಯಾವ ತಿಂಗಳು ವ್ಯಾಪಾರ, ಯಾವ ತಿಂಗಳು ಖಾಲಿ, ನಿಂತ ಕಾರುಗಳವರು ಏನು ಕೊಳ್ಳುತ್ತಾರೆ.

ಆಮೇಲೆ ಕಣಕುಂಬಿ: ನದಿಯ ಹುಟ್ಟು ನೋಡಿ, ನಾವು ತಂದ ಕಸದ ಜೊತೆ ಬೇರೆಯವರು ಬಿಟ್ಟ ಒಂದು ಚೀಲ ಕಸವನ್ನೂ ವಾಪಸು ತರುವುದು. ಗುಡಿಯ ಹತ್ತಿರ ಹೋಗುವಾಗ ಊರಿನವರ ಮರ್ಯಾದೆಗೆ ತಕ್ಕಂತೆ ಇರುವುದು. ಸಂಜೆಯೊಳಗೆ ಊರು ಸೇರುವುದು, ಮನೆಯವರಿಗೂ ಅದೇ ಸಮಾಧಾನ.

ಸಮಯವಿದ್ದರೆ ಇನ್ನೊಂದು ಸಲ ಹಲಸಿ ಮತ್ತು ನಂದಗಡ. ಹಲಸಿ ಹಿಂದೆ ಪಲಾಸಿಕಾ ಎಂಬ ಹೆಸರಿನ ಕದಂಬರ ರಾಜಧಾನಿ, ಅಲ್ಲಿ ಗೋವಾ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯ ಇದೆ. ನಂದಗಡದಲ್ಲಿ 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು, ಅವರ ಸಮಾಧಿ ಅಲ್ಲಿದೆ.

ಪ್ರವಾಸಕ್ಕೆ ಬರುವ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಆ ದಿನದ ಖರ್ಚನ್ನು ಎರಡು ಕಾಲಂನಲ್ಲಿ ಬರೆಯಬೇಕು: 'ಆ ಊರಿನಲ್ಲಿ ಉಳಿದ ಹಣ', 'ಬೇರೆ ಕಡೆ ಹೋದ ಹಣ'. ಕೆಳಗೆ ಮೂರು ಪ್ರಶ್ನೆಗೆ ಉತ್ತರ: ಅಲ್ಲಿ ಹತ್ತಿರದ ಪ್ರೌಢಶಾಲೆ ಎಲ್ಲಿದೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಮಳೆಗಾಲದಲ್ಲಿ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ? ವಾಪಸು ಬಂದ ಮೇಲೆ ಎಲ್ಲರ ಹಾಳೆಯ ಮೊತ್ತ ಕೂಡಿಸಿ, ಶೇಕಡಾವಾರು ತೆಗೆದು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕೋಣ. ಮುಂದಿನ ವರ್ಷದ ವಿದ್ಯಾರ್ಥಿಗಳು ಹೋಗುವಾಗ ಆ ಶೇಕಡಾವನ್ನು ಇನ್ನೂ ಸ್ವಲ್ಪ ಏರಿಸಲು ನೋಡಲಿ.

ಸೊಕೊತ್ರಾ, ಫೆರೋ, ಸನ್ ಡೂಂಗ್‌ಗೆ ಹೋಗುವ ಅವಕಾಶ ನಮ್ಮಲ್ಲಿ ಕೆಲವರಿಗೆ ಮುಂದೆ ಸಿಗಲಿ ಎಂದು ದುಆ ಮಾಡುತ್ತೇನೆ. ಅಷ್ಟರೊಳಗೆ ಜಾಂಬೋಟಿಯ ಬಸ್ಸು ದಿನಾ ಹೊರಡುತ್ತದೆ. ಆಸಕ್ತಿ ಇರುವವರು ತಮ್ಮ ಹೆಸರನ್ನು ತರಗತಿಯ ಪ್ರತಿನಿಧಿಯ ಹತ್ತಿರ ಬರೆಸಿದರೆ ಪಟ್ಟಿಯನ್ನು ಪ್ರಾಂಶುಪಾಲರ ಮುಂದೆ ಇಟ್ಟು ಅನುಮತಿ ಕೇಳೋಣ.